ನಮಂಗಾ ಗಡಿ ದಾಟುವ ಮುನ್ನ

ನೈರೋಬಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ, ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯ ನೋಡಿ ಮುಗಿಸಿದ ವಾರದಲ್ಲೇ ನನಗೊಂದು ಕರೆ ಬರುತ್ತದೆ. ಪಕ್ಕದಲ್ಲೇ ಇರುವ ತಾಂಜಾನಿಯಾಕ್ಕೂ ಒಂದು ಸುತ್ತು ಹೋಗಿ ಬರೋಣವೇ, ಕಾರಂತೂ ಇದೆ ಎಂಬ ಉತ್ಸಾಹ. ನೈರೋಬಿಯಿಂದ ನಮಂಗಾ ಗಡಿಗೆ ಸುಮಾರು 165 ಕಿ.ಮೀ., ಅಲ್ಲಿಂದ ತಾಂಜಾನಿಯಾದ ಅರುಷಾ ನಗರಕ್ಕೆ ಮತ್ತೆ 110. ದಾರಿ ಸುಲಭವೇ. ಪಕ್ಕದ ದೇಶವೆಂಬ ಸಲುಗೆಯಲ್ಲಿ ಕಾಗದಪತ್ರಗಳನ್ನು ಹಗುರವಾಗಿ ಕಾಣುವವರು ಮಾತ್ರ ಗಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಮೊದಲು ವೀಸಾ. ಕೀನ್ಯಾದ ಕೆಲಸದ ಪರವಾನಗಿ ನಿಮ್ಮಲ್ಲಿದ್ದರೂ ತಾಂಜಾನಿಯಾದ ದೃಷ್ಟಿಯಲ್ಲಿ ನೀವು ಭಾರತೀಯ ಪಾಸ್‌ಪೋರ್ಟಿನವರೇ. 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಅದು ಕೀನ್ಯಾ, ಉಗಾಂಡ, ರುವಾಂಡಗಳಿಗೆ ಮಾತ್ರ ಸಲ್ಲುತ್ತದೆ; ತಾಂಜಾನಿಯಾ ಆ ಒಪ್ಪಂದದಲ್ಲಿಲ್ಲ. ಭಾರತೀಯರಿಗೆ ಒಂದು ಬಾರಿ ಪ್ರವೇಶದ ಸಾಮಾನ್ಯ ಪ್ರವಾಸಿ ವೀಸಾಕ್ಕೆ 50 ಡಾಲರ್. ಗಡಿಯಲ್ಲಿಯೇ ಪಡೆಯುವ ಅವಕಾಶವಿದ್ದರೂ ಆನ್‌ಲೈನಿನಲ್ಲಿ ಮೊದಲೇ ಅರ್ಜಿ ಹಾಕಿ ಎಂದೇ ನಾನು ಹೇಳುವುದು. ಅದನ್ನೂ ಆ ದೇಶದ ವಲಸೆ ಇಲಾಖೆಯ ಸ್ವಂತ ಜಾಲತಾಣದಲ್ಲೇ ಹಾಕಬೇಕು. ಸರ್ಕಾರಿ ತಾಣದ ವೇಷ ತೊಟ್ಟು ಹೆಚ್ಚುವರಿ ಶುಲ್ಕ ಕೀಳುವ ಖಾಸಗಿ ತಾಣಗಳಿಗೆ ಕೊರತೆಯಿಲ್ಲ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ, ಖಾಲಿ ಪುಟವೂ ಇರಲಿ.

ಇಲ್ಲಿ ಕಂಪನಿಗಳ ಎಂಜಿನಿಯರುಗಳಿಗೆ ಒಂದು ಮಾತು. ಅರುಷಾದ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಿದೆ, ಎರಡು ದಿನ ಹೋಗಿ ಸರಿಪಡಿಸಿ ಬಾ ಎಂದು ಮೇಲಧಿಕಾರಿ ಕಳುಹಿಸಿದರೆ ಪ್ರವಾಸಿ ವೀಸಾದಲ್ಲಿ ಹೋಗಬೇಡಿ. ಅಂಥ ಕೆಲಸಕ್ಕೆ 250 ಡಾಲರಿನ ವ್ಯಾಪಾರ ವೀಸಾ ಬೇಕು. ಉಳಿಸಿದ 200 ಡಾಲರ್ ಕಂಪನಿಯದು, ಸಿಕ್ಕಿಬಿದ್ದರೆ ಗಡೀಪಾರಾಗುವ ಪಾಸ್‌ಪೋರ್ಟ್ ನಿಮ್ಮದು.

ಇನ್ನು ಹಳದಿ ಜ್ವರದ ಲಸಿಕೆ. ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಭಾರತದಿಂದ ನೇರವಾಗಿ ತಾಂಜಾನಿಯಾಕ್ಕೆ ಇಳಿದವರನ್ನು ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರದ ಪುಸ್ತಿಕೆ ಕೇಳುವುದಿಲ್ಲ. ಭಾರತದಲ್ಲಿ ಆ ರೋಗವಿಲ್ಲ. ಅದೇ ವ್ಯಕ್ತಿ ಕೀನ್ಯಾದಲ್ಲಿ ಉಳಿದು ನಮಂಗಾಕ್ಕೆ ಬಂದರೆ ಕೇಳುತ್ತಾರೆ, ಏಕೆಂದರೆ ಕೀನ್ಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಒಂದು ವರ್ಷ ಮೀರಿದ ಮಕ್ಕಳಿಗೂ ಈ ನಿಯಮ ಅನ್ವಯಿಸುತ್ತದೆ. ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಹೊರಡುವ ಹಿಂದಿನ ದಿನ ಲಸಿಕೆ ಹಾಕಿಸಿಕೊಂಡು ಪ್ರಯೋಜನವಿಲ್ಲ. 2016ರ ಜುಲೈನಿಂದ ಅದು ಜೀವನಪರ್ಯಂತ ಮಾನ್ಯ, ಹತ್ತು ವರ್ಷದ ಹಳೆಯ ಗಡುವು ಈಗಿಲ್ಲ. ಕೀನ್ಯಾದಿಂದ ಭಾರತಕ್ಕೆ ಮರಳುವಾಗಲೂ ಇದೇ ಪುಸ್ತಿಕೆ ಬೇಕು. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಅಪ್ಪ ಅಮ್ಮ ಅರವತ್ತು ದಾಟಿದವರಾದರೆ ಊರಿನಲ್ಲಿರುವಾಗಲೇ ವೈದ್ಯರೊಂದಿಗೆ ಮಾತನಾಡಲಿ. ಆ ವಯಸ್ಸಿನಲ್ಲಿ ಲಸಿಕೆಯ ಅಡ್ಡಪರಿಣಾಮದ ಸಂಭವ ಹೆಚ್ಚು. ಬೇಡವೆಂದು ವೈದ್ಯರು ತೀರ್ಮಾನಿಸಿದರೆ ವಿನಾಯಿತಿಯನ್ನು ಅದೇ ಪುಸ್ತಿಕೆಯಲ್ಲಿ ಬರೆದುಕೊಡಲು ಜಾಗವಿದೆ.

ನಮಂಗಾದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಸೂರಿನಡಿ ಕೂರುತ್ತಾರೆ. ತಾಂಜಾನಿಯಾಕ್ಕೆ ಹೋಗುವವರು ಆಚೆ ಬದಿಯ ಕಟ್ಟಡಕ್ಕೆ ಹೋಗಬೇಕು. ಅಲ್ಲಿ ಕೀನ್ಯಾದ ನಿರ್ಗಮನ ಮುದ್ರೆ, ಅದರ ಮುಂದಿನ ಕಿಟಕಿಯಲ್ಲಿ ತಾಂಜಾನಿಯಾದ ಪ್ರವೇಶ ಮುದ್ರೆ. ಕಟ್ಟಡ ಬಿಡುವ ಮೊದಲು ಎರಡೂ ಬಿದ್ದಿವೆಯೇ ಎಂದು ನೋಡಿಕೊಳ್ಳಿ. ಹೊರಗೆ ಮಣಿಸರ ಮಾರುವ ಮಸಾಯಿ ಮಹಿಳೆಯರೊಂದಿಗೆ ಚೌಕಾಸಿ ಮಾಡಿ, ತಪ್ಪಿಲ್ಲ. ಕಾಗದ ಬೇಗ ಮಾಡಿಸಿಕೊಡುತ್ತೇನೆ ಎಂದು ಬರುವ ದಲ್ಲಾಳಿಯ ಕೈಗೆ ಮಾತ್ರ ಪಾಸ್‌ಪೋರ್ಟ್ ಕೊಡಬೇಡಿ.

ಮಸಾಯಿ ಮಾರಾದಿಂದ ನೇರವಾಗಿ ಗಡಿಯಾಚೆಯ ಸೆರೆಂಗೆಟಿ ಉದ್ಯಾನಕ್ಕೆ ಜಿಗಿಯಬಹುದೆಂಬ ಆಸೆಯನ್ನು ನಾನು ಆಗಾಗ ಮುರಿಯಬೇಕಾಗುತ್ತದೆ. ಭೂಪಟದಲ್ಲಿ ಅವೆರಡೂ ಒಂದೇ ಹುಲ್ಲುಗಾವಲು, ಕಾಡುಕೋಣದಂಥ ವಿಲ್ಡೆಬೀಸ್ಟ್ ಹಿಂಡುಗಳು ಯಾರನ್ನೂ ಕೇಳದೆ ದಾಟುತ್ತವೆ. ಆದರೆ 1977ರಲ್ಲಿ ಪೂರ್ವ ಆಫ್ರಿಕಾ ಸಮುದಾಯವೆಂಬ ದೇಶಗಳ ಕೂಟ ಒಡೆದಾಗ ತಾಂಜಾನಿಯಾ ಗಡಿ ಮುಚ್ಚಿತು. 1983ರಲ್ಲಿ ಗಡಿ ತೆರೆದರೂ ಮಾರಾ ಪಕ್ಕದ ಬೊಲೊಗೊಂಜಾ ದ್ವಾರದಲ್ಲಿ ಪ್ರವಾಸಿಗರು ದಾಟುವಂತಿಲ್ಲ. ಪಶ್ಚಿಮಕ್ಕೆ ಸುತ್ತು ಬಳಸಿ ಇಸೆಬಾನಿಯಾ ಗಡಿಯಲ್ಲೇ ಹೋಗಬೇಕು. ಕೀನ್ಯಾದ ಸಫಾರಿ ವಾಹನವೂ ನಿಮ್ಮನ್ನು ಅಲ್ಲಿಯವರೆಗಷ್ಟೇ ಬಿಡುತ್ತದೆ. ಆಚೆ ತಾಂಜಾನಿಯಾದ ವಾಹನ ಹತ್ತಬೇಕು.

ಸ್ವಂತ ಕಾರಿನಲ್ಲಿ ಹೋಗುವವರು ವಾಹನದ ಮೂಲ ನೋಂದಣಿ ಪುಸ್ತಕ, ಕೊಮೇಸಾ ಹಳದಿ ಕಾರ್ಡ್ ಎಂಬ ಪ್ರಾದೇಶಿಕ ವಿಮೆ ಇಟ್ಟುಕೊಳ್ಳಿ, ತಾತ್ಕಾಲಿಕ ಆಮದು ಪರವಾನಗಿಯನ್ನು ಗಡಿಯಲ್ಲಿ ಮಾಡಿಸಿ. ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ವಿದೇಶಿ ನೋಂದಣಿಯ ವಾಹನಕ್ಕೆ ಶುಲ್ಕ ಬಹಳ ಹೆಚ್ಚು. ಅರುಷಾದಲ್ಲಿ ಕಾರು ನಿಲ್ಲಿಸಿ ಸ್ಥಳೀಯ ವಾಹನ ಹಿಡಿಯುವುದೇ ಜಾಣತನ. ಪ್ಲಾಸ್ಟಿಕ್ ಕೈಚೀಲಗಳನ್ನು ಮನೆಯಲ್ಲೇ ಬಿಡಿ, 2019ರ ಜೂನ್ 1ರಿಂದ ಅಲ್ಲಿ ನಿಷೇಧವಿದೆ. ಚಕ್ಕುಲಿ, ಕೋಡುಬಳೆಯನ್ನು ಡಬ್ಬಿಯಲ್ಲಿ ಒಯ್ಯಿರಿ. ಜಾಂಜಿಬಾರ್ ದ್ವೀಪದ ಯೋಚನೆಯಿದ್ದರೆ 2024ರ ಅಕ್ಟೋಬರ್‌ನಿಂದ ಅಲ್ಲಿನ ಸರ್ಕಾರಿ ವಿಮಾ ನಿಗಮದ 44 ಡಾಲರ್ ವಿಮೆ ಕಡ್ಡಾಯ. ನಿಮ್ಮಲ್ಲಿ ಬೇರೆ ವಿಮೆ ಇದ್ದರೂ ಇದನ್ನು ಕೊಳ್ಳಲೇಬೇಕು.

ಕೊನೆಯದಾಗಿ ಮರಳುವ ದಾರಿ. ಅಪ್ಪ ಅಮ್ಮ ಕೀನ್ಯಾಕ್ಕೆ ಬಂದಿರುವುದು 2024ರ ಜನವರಿಯಲ್ಲಿ ವೀಸಾದ ಬದಲು ಜಾರಿಗೆ ಬಂದ ಇಟಿಎ ಎಂಬ ಆನ್‌ಲೈನ್ ಪ್ರವೇಶಾನುಮತಿಯ ಮೇಲೆ. ತಾಂಜಾನಿಯಾಕ್ಕೆ ಹೋಗಿ ಮತ್ತೆ ಒಳಬರಲು ಅದೇ ಸಾಕೇ, ಹೊಸದು ಬೇಕೇ ಎಂಬುದನ್ನು ಅರುಷಾದ ಹೋಟೆಲ್ ಕಾದಿರಿಸುವ ಮೊದಲೇ ಕೀನ್ಯಾದ ವಲಸೆ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿಗೆ ಮರಳುವ ವಿಮಾನ ನೈರೋಬಿಯಿಂದಲೇ ಇದ್ದರೆ ಗಡಿ ದಾಟುವ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಎರಡು ದಿನವಾದರೂ ಬಿಡುವಿರಲಿ.