ಎಣ್ಣೆ ಹಾಕಿದ್ರಿ, ಒರೆಸಿದ್ರಾ?

ಕಾರವಾರದಲ್ಲಿ ಸೈಕಲ್ ರಿಪೇರಿ ಮಾಡುತ್ತ ಬಹಳ ಮಳೆಗಾಲ ಕಳೆದಿದ್ದೇನೆ. ಚೈನಿಗೆ ಎಣ್ಣೆಯನ್ನೇ ಕಾಣಿಸದವರಿಗಿಂತ, ಪ್ರೀತಿಯಿಂದ ಸುರಿಯುವವರ ಚೈನುಗಳೇ ನನ್ನ ಕೈಗೆ ಹೆಚ್ಚು ಕೆಟ್ಟು ಬರುತ್ತವೆ.

ಮಾಜಾಳಿ ಕಡೆಯಿಂದ ಮೀನು ಮಾರಲು ಬರುವ ಒಬ್ಬರಿದ್ದಾರೆ. ಪ್ರತಿ ಭಾನುವಾರ ತಪ್ಪದೆ ಎಣ್ಣೆ ಬಿಡುತ್ತಿದ್ದರು. ವರ್ಷ ತುಂಬುವುದರೊಳಗೆ ಚೈನು ಹಲ್ಲು ಹಾರತೊಡಗಿತು. "ಎಣ್ಣೆ ಒಂದು ವಾರನೂ ತಪ್ಪಿಸ್ಲಿಲ್ಲ ಮಾರಾಯ್ರೆ" ಎಂದು ಮುಖ ಸಣ್ಣ ಮಾಡಿದರು. ನಿಜವೇ. ಆದರೆ ಒಂದು ದಿನವೂ ಒರೆಸಿರಲಿಲ್ಲ. ಬೆರಳಿಟ್ಟರೆ ಮಸಿ, ಮಸಿಯೊಳಗೆ ಕಡಲ ಮರಳು.

ಎಣ್ಣೆ ಬೇಕಾದದ್ದು ಚೈನಿನ ಹೊರಮೈಗಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ತಿರುಗುವ ಒಂದು ರೋಲರ್ ಇದೆ. ಸವೆಯುವುದು ಆ ಒಳಗಿನ ಜಾಗ. ಅಲ್ಲಿಗೆ ಒಂದು ಹನಿ ಇಳಿದರೆ ಸಾಕು. ಹೊರಗೆ ಉಳಿದ ಎಣ್ಣೆ ಗಾಳಿಯಲ್ಲಿ ಬರುವ ಮರಳು, ಕೆಮ್ಮಣ್ಣಿನ ಧೂಳನ್ನೆಲ್ಲ ಹಿಡಿದಿಡುತ್ತದೆ. ಅದು ಎಣ್ಣೆಯ ಜೊತೆ ಒಳಗಿಳಿದರೆ ಅರದಂತೆ ಉಜ್ಜುತ್ತದೆ. ಹಾಗಾಗಿ ಕೊಳಕು ಚೈನಿನ ಮೇಲೆ ಹೊಸ ಎಣ್ಣೆ ಬಿಡಬೇಡಿ. ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದು ರೋಲರಿಗೆ ಒಂದೊಂದು ಹನಿ. ಹತ್ತು ನಿಮಿಷ ಬಿಟ್ಟು, ಹೊರಗೆ ಜಿಡ್ಡು ಉಳಿಯದಂತೆ ಮತ್ತೆ ಒರೆಸಿ. ಈ ಎರಡನೆಯ ಒರೆಸುವಿಕೆಯನ್ನೇ ಎಲ್ಲರೂ ಬಿಡುವುದು. "ಹಾಕಿದ ಎಣ್ಣೆ ಹೋಯ್ತಲ್ಲ" ಎನ್ನುತ್ತಾರೆ. ಹೋಗಲಿ, ಬೇಕಾದದ್ದು ಒಳಗಿದೆ. ಒರೆಸುವಾಗ ಕೆಳಗಿನ ಚೈನನ್ನೇ ಹಿಡಿಯಿರಿ. ಫ್ರೀವೀಲಿನ, ಅಂದರೆ ಹಿಂದಿನ ಚಕ್ರದ ಹಲ್ಲಿನ ಗಾಲಿಯ, ಹತ್ತಿರ ಬೆರಳು ಹೋಗಬಾರದು. ಮಕ್ಕಳ ಕೈಗೆ ಈ ಕೆಲಸ ಕೊಟ್ಟರೆ ಪಕ್ಕದಲ್ಲೇ ಕೂತಿರಿ.

ಕೊಬ್ಬರಿ ಎಣ್ಣೆ ಬೇಡ. ಮನೆಯಲ್ಲಿ ಇದೆಯೆಂದು ಹಾಕುತ್ತಾರೆ, ಅದು ಮಳೆಗೆ ನಿಲ್ಲುವುದಿಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಕೇಳುವುದೇ ಬೇಡ. ಬೈಕ್ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಕೂಡ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ತುಕ್ಕು ಬಿಡಿಸಲಿಕ್ಕೆ ಮಾತ್ರ, ಚೈನಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಮಳೆಗಾಲಕ್ಕೆ ಸ್ವಲ್ಪ ದಪ್ಪನೆಯ ಚೈನ್ ಆಯಿಲ್ ಒಳ್ಳೆಯದು, ಬೇಸಿಗೆಗೆ ತೆಳ್ಳಗಿನದು.

ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರೆ ಲೆಕ್ಕ ಹೇಳಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು ಬಂದ ರಾತ್ರಿಯೇ ಒರೆಸಿಡಿ. ಕಡಲ ದಂಡೆಯ ಮರಳಿನಲ್ಲಿ ಓಡಿಸಿದ್ದರೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಿ.

ಚೈನು ಸವೆದಿದೆಯೇ ಎಂಬ ಅನುಮಾನ ಬಂದರೆ ಮಕ್ಕಳ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಅಂತರಕ್ಕೆ ಸರಿಯಾಗಿ 12 ಇಂಚು. 1/8 ಇಂಚು ಹೆಚ್ಚು ಬಂದರೆ ಚೈನಿನ ಕತೆ ಮುಗಿಯಿತು, ಬಹುಶಃ ಫ್ರೀವೀಲಿನದೂ. ಗೇರ್ ಸೈಕಲ್ಲಿಗೆ ಅಷ್ಟು ಕಾಯಬೇಡಿ, 1/16 ಆಗುತ್ತಲೇ ಬದಲಿಸಿ. ಆ ಮೀನಿನವರದ್ದು 1/8 ದಾಟಿತ್ತು. ಚೈನು, ಫ್ರೀವೀಲ್ ಎರಡೂ ಬದಲಿಸಿದೆ. ಜೊತೆಗೆ ಒಂದು ಹಳೇ ಬನಿಯನ್ ತುಂಡನ್ನು ಸೀಟಿನ ಕೆಳಗೆ ಕಟ್ಟಿ ಕಳಿಸಿದೆ.