ಹಳೆ ಝಿಯಾನ್ ಓವರ್‌ಕ್ಲಾಕ್: 200×20 ಯಾಕೆ, 182×22 ಇರುವಾಗ?

ಝಿಯಾನ್ ಎಕ್ಸ್5650. ಇಂಟೆಲ್ 2010ರಲ್ಲಿ ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆಂದು ತಂದ ಪ್ರೊಸೆಸರ್ ಚಿಪ್. ಆರು ಕೋರ್, ಹನ್ನೆರಡು ಥ್ರೆಡ್, 95 ವಾಟ್. ಆ ಮೆಷಿನ್‌ಗಳೆಲ್ಲ ಗುಜರಿಗೆ ಹೋದ ಮೇಲೆ ಚಿಪ್ ಅಗ್ಗಕ್ಕೆ ಸಿಗತೊಡಗಿತು. ಬೋರ್ಡ್ ಮಾತ್ರ ನೋಡಿ ತಗೊಳ್ಳಿ: ಎಕ್ಸ್58 ಚಿಪ್‌ಸೆಟ್ ಇರುವ ಗೇಮಿಂಗ್ ಬೋರ್ಡ್ ಬೇಕು. ಕಂಪನಿ ಜೋಡಿಸಿದ ವರ್ಕ್‌ಸ್ಟೇಷನ್‌ಗಳ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಕಡೆ) ಸಾಮಾನ್ಯವಾಗಿ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ) ಸೆಟ್ಟಿಂಗ್ ಇರುವುದೇ ಇಲ್ಲ.

ಈಗ ಲೆಕ್ಕ. ಬೇಸ್ ಕ್ಲಾಕ್ 133 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 20. ಗುಣಿಸಿದರೆ 2.66 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್‌ಗೆ ಮೇಲ್ಗಡೆ ಬೀಗ ಇದೆ, ಹಾಗಾಗಿ ಬೇಸ್ ಕ್ಲಾಕ್ ಏರಿಸುವುದೊಂದೇ ದಾರಿ. ತೊಡಕೂ ಅಲ್ಲೇ ಇರುವುದು.

ಹಳೆ ಗಿರಣಿಯಲ್ಲಿ ಒಂದೇ ಶಾಫ್ಟ್‌ಗೆ ನಾಲ್ಕಾರು ಬೆಲ್ಟ್ ಹಾಕಿರುತ್ತಿದ್ದರಲ್ಲ, ಬೇಸ್ ಕ್ಲಾಕ್ ಅಂಥ ಶಾಫ್ಟ್. ಕೋರ್, ರ‍್ಯಾಮ್, ಅನ್‌ಕೋರ್ (ಎಲ್3 ಕ್ಯಾಶ್, ಮೆಮರಿ ಕಂಟ್ರೋಲರ್ ಇರುವ ಭಾಗ), ಕ್ಯೂಪಿಐ (ಪ್ರೊಸೆಸರನ್ನು ಬೋರ್ಡಿನ ಚಿಪ್‌ಸೆಟ್‌ಗೆ ಜೋಡಿಸುವ ಕೊಂಡಿ) ಎಲ್ಲವೂ ಅದಕ್ಕೇ ಕಟ್ಟಿಕೊಂಡಿವೆ. ಮಲ್ಟಿಪ್ಲೈಯರ್ ಅಂದರೆ ಪುಲ್ಲಿಯ ಗಾತ್ರ. ಶಾಫ್ಟ್ ಜೋರಾದರೆ ಎಲ್ಲ ಬೆಲ್ಟೂ ಜೋರಾಗುತ್ತವೆ. ನಾನು ಮೊದಲ ಸಲ ಬೇಸ್ ಕ್ಲಾಕ್ 200 ಮಾಡಿ, ರ‍್ಯಾಮ್ ಪುಲ್ಲಿಯನ್ನು 10ರಲ್ಲೇ ಮರೆತುಬಿಟ್ಟಿದ್ದೆ. 1333ರ ರ‍್ಯಾಮ್‌ಗೆ 2000 ಓಡು ಅಂದಂತಾಯಿತು. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಕರೆಂಟ್ ತೆಗೆದು, ಬೋರ್ಡಿನ ಬಟನ್ ಸೆಲ್ ಕಿತ್ತು (ಬಯಾಸ್ ಸೆಟ್ಟಿಂಗ್ ಅಳಿಸಲು), ಹತ್ತು ನಿಮಿಷ ಸುಮ್ನೆ ಕೂತು ಮತ್ತೆ ಹಾಕಿದೆ. ಆಮೇಲೆ ಎದ್ದಿತು.

ಎಲ್ಲರೂ 200×20 ಅನ್ನುತ್ತಾರೆ, 4 ಗಿಗಾಹರ್ಟ್ಸ್ ಬರುತ್ತದೆ, ನಿಜ. ಆದರೆ ಕ್ಯೂಪಿಐನ ಅತಿ ಚಿಕ್ಕ ಪುಲ್ಲಿಯೇ 36. 200×36 ಅಂದರೆ 7.2 ಗಿಗಾಟ್ರಾನ್ಸ್‌ಫರ್, ಚಿಪ್‌ನ ಮಿತಿ 6.4. ಟರ್ಬೊ (ಚಿಪ್ ತಾನಾಗಿಯೇ ಮಲ್ಟಿಪ್ಲೈಯರ್ ತುಸು ಏರಿಸಿಕೊಳ್ಳುವ ಸೌಲಭ್ಯ) ಆನ್ ಇಟ್ಟರೆ ಆರೂ ಕೋರ್‌ಗೆ 22 ಸಿಗುತ್ತದೆ. 182×22 ಕೂಡ 4 ಗಿಗಾಹರ್ಟ್ಸೇ ಅಲ್ವಾ? ಈಗ ಕ್ಯೂಪಿಐ 6.55, ಮಿತಿಗಿಂತ ತುಸುವೇ ಜಾಸ್ತಿ. ರ‍್ಯಾಮ್ ಪುಲ್ಲಿ 8 ಇಟ್ಟರೆ 1456. ಅನ್‌ಕೋರ್ ವೇಗ ರ‍್ಯಾಮ್‌ನ ಒಂದೂವರೆ ಪಟ್ಟಿಗಿಂತ ಕಡಿಮೆ ಆಗಬಾರದು; 16 ಇಡಿ, 2.9 ಆಗುತ್ತದೆ, ಧಾರಾಳ. ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್) ಮಾತ್ರ ಬೇರೆ ಶಾಫ್ಟ್, ಅದನ್ನು 100ರಲ್ಲೇ ಕಟ್ಟಿಹಾಕಿ.

ವೋಲ್ಟೇಜ್ ವಿಷಯದಲ್ಲಿ ಆತುರ ಬೇಡ. ವಿದ್ಯುತ್ ಖರ್ಚು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆ ವರ್ಗದಲ್ಲಿ ಏರುತ್ತದೆ. 2.66ರಿಂದ 4ಕ್ಕೆ ಹೋದರೆ ಒಂದೂವರೆ ಪಟ್ಟು. ಅದರ ಮೇಲೆ 1.1 ವೋಲ್ಟ್ 1.3 ಆಯಿತು ಅಂದುಕೊಳ್ಳಿ, ಇನ್ನೂ 1.4 ಪಟ್ಟು. ಒಟ್ಟು 2.1. ಇಂಟೆಲ್ ಕೊಟ್ಟ ಮೇಲ್ಮಿತಿ 1.35 ವೋಲ್ಟ್; ನಾನಂತೂ ಅದನ್ನು ಮುಟ್ಟುವುದಿಲ್ಲ. ಬೋರ್ಡಿನ 'ಆಟೋ' ನಂಬಬೇಡಿ, ಜಾಸ್ತಿಯೇ ಸುರಿಯುತ್ತದೆ. ಬೇಸ್ ಕ್ಲಾಕ್ ಐದೈದೇ ಏರಿಸಿ, ಪ್ರತಿ ಸಲ ಪ್ರೈಮ್95 (ಚಿಪ್ ಮೇಲೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿ, ಉಷ್ಣತೆ ನೋಡಿ. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಇರುವಾಗ, ಚಳಿಗಾಲದಲ್ಲಿ ನಿಂತ ಸೆಟ್ಟಿಂಗ್ ಬೀಳಬಹುದು.

ಬೋರ್ಡ್ ಹುಡುಕುವ ಮೊದಲು ನೀವು ಆಡಬೇಕೆಂದಿರುವ ಆಟಗಳನ್ನು ನೋಡಿಕೊಳ್ಳಿ. ಈ ಚಿಪ್‌ಗೆ ಎವಿಎಕ್ಸ್ (ಇದರ ನಂತರದ ಚಿಪ್‌ಗಳಲ್ಲಿ ಬಂದ ಒಂದು ಸೂಚನೆಗಳ ಗುಂಪು) ಇಲ್ಲ. ಅದು ಬೇಕೇ ಬೇಕು ಅನ್ನುವ ಆಟ 4 ಗಿಗಾಹರ್ಟ್ಸ್‌ಗೂ ತೆರೆಯುವುದಿಲ್ಲ, 5ಕ್ಕೂ ತೆರೆಯುವುದಿಲ್ಲ. ಅಂಥ ಆಟವಿದ್ದರೆ 2012ರ ಝಿಯಾನ್ ಇ5-1650 ಹುಡುಕಿ. ಅದಕ್ಕೆ ಸಾಕೆಟ್ 2011 ಇರುವ ಬೇರೆ ಬೋರ್ಡ್ ಬೇಕು; ಎವಿಎಕ್ಸ್ ಉಂಟು, ಮಲ್ಟಿಪ್ಲೈಯರ್‌ಗೆ ಬೀಗವೂ ಇಲ್ಲ.