ಸಂಜೆ ಆರರ ಲೋಡ್

"ಲೋಡ್ ಏರಿಸಿ." ಸೂರ್ಯ ಇಳಿಯುವ ಹೊತ್ತಿಗೆ ಯಾವ ಸ್ಥಾವರ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ, ಉತ್ಪಾದನೆ ಹೆಚ್ಚಿಸಿ ಎಂದು ಬರುವ ಈ ಫೋನನ್ನು ಉಷ್ಣ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂತು ವರ್ಷಗಟ್ಟಲೆ ಎತ್ತಿದ್ದೇನೆ. ಕಲ್ಲಿದ್ದಲೋ ಸೌರವೋ ಎಂಬ ಜಗಳ ಎಲ್ಲಿ ಕೇಳಿದರೂ ನನಗೆ ನೆನಪಾಗುವುದು ಅದೇ.

ಕಲ್ಲಿದ್ದಲಿನ ಪರ ವಾದಿಸಲು ನನಗೆ ಮನಸ್ಸಿಲ್ಲ. 210 ಮೆಗಾವ್ಯಾಟಿನ ಒಂದೇ ಘಟಕ ದಿನವಿಡೀ ಪೂರ್ತಿ ಓಡಿದರೆ 50 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಏಳುನೂರು ಗ್ರಾಂ ಹಿಡಿದರೂ ಮೂರೂವರೆ ಸಾವಿರ ಟನ್ ಕಲ್ಲಿದ್ದಲು, ಹೆಚ್ಚುಕಡಿಮೆ ಒಂದು ರೇಕ್, ಅಂದರೆ ಒಂದು ಇಡೀ ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿ. ಅಂದರೆ ದಿನಕ್ಕೆ ಸಾವಿರ ಟನ್ನಿಗೂ ಮೇಲೆ. ಬೇಸಿಗೆಯ ಗಾಳಿ ಎದ್ದಾಗ ಬೂದಿಕೊಳದ ಪಕ್ಕದ ಊರಿನಲ್ಲಿ ಒಣಹಾಕಿದ ಬಟ್ಟೆಯ ಬಣ್ಣವೇ ಬೇರೆಯಾಗುತ್ತದೆ. ಅಲ್ಲಿನ ಮಕ್ಕಳ ಕೆಮ್ಮು ಕೇಳಿದವರು ಯಾರೂ ಇದನ್ನು ಅಗ್ಗದ ವಿದ್ಯುತ್ ಎನ್ನಲಾರರು.

ಆದರೆ ಸೌರ ಫಲಕ ಹಾಕಿದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಮಧ್ಯಾಹ್ನ ಅಲ್ಲಿಂದ ವಿದ್ಯುತ್ ಧಾರಾಳವಾಗಿ ಹರಿಯುವಾಗ ಕಲ್ಲಿದ್ದಲು ಘಟಕಗಳನ್ನು ಸಾಮರ್ಥ್ಯದ 55 ಶೇಕಡಕ್ಕೆ ಇಳಿಸು ಎನ್ನುತ್ತಾರೆ. ಸಂಜೆ ಮತ್ತೆ ಪೂರ್ತಿ ಏರಿಸಬೇಕು. ಒಂದೇ ಸಮನೆ ಉರಿಯಲೆಂದು ಕಟ್ಟಿದ ಹಳೆಯ ಬಾಯ್ಲರಿನ ಕೊಳವೆಗಳು ದಿನಾ ಹಿಗ್ಗಿ ಕುಗ್ಗಿ ಬೆಸುಗೆಯಲ್ಲಿ ಬಿರಿಯುತ್ತವೆ. ಟ್ಯೂಬ್ ಲೀಕ್ ಆಯಿತೆಂದರೆ ಬಾಯ್ಲರ್ ತಣಿಸಿ, ಒಳಗೆ ಇಳಿದು, ಬೆಸೆದು ಮತ್ತೆ ಹೊತ್ತಿಸುವುದಕ್ಕೆ ಎರಡು ಮೂರು ದಿನ. ಹೊತ್ತಿಸಲು ಎಣ್ಣೆ ಬೇರೆ.

ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ರಾತ್ರಿಯೂ ತಿರುಗಿ ಕೈಹಿಡಿಯುತ್ತವೆ. ಕಷ್ಟ ಇರುವುದು ಮಾರ್ಚ್‌ನಿಂದ ಮೇವರೆಗಿನ ಸಂಜೆಗಳದ್ದು. ಹಾಗಾಗಿ ಮುಂದಿನ ಹಣ ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಕೂಡಿಡುವುದಕ್ಕೆ ಹೋಗಬೇಕು. ಬ್ಯಾಟರಿ ಒಂದು ದಾರಿ. ಹಗಲು ನೀರನ್ನು ಮೇಲಕ್ಕೆತ್ತಿ ಸಂಜೆ ಟರ್ಬೈನಿಗೆ ಬಿಡುವುದು ಇನ್ನೊಂದು. ನಾಲ್ಕು ಯೂನಿಟ್ ಹಾಕಿದರೆ ಮೂರು ವಾಪಸ್ ಬರುತ್ತದೆ, ಒಂದು ಹೋದರೂ ದೊಡ್ಡ ನಷ್ಟವೇನೂ ಅಲ್ಲ. ಆದರೆ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ 2,000 ಮೆಗಾವ್ಯಾಟಿನ ಇಂಥ ಯೋಜನೆ ತರುವುದನ್ನು ನಾನು ಒಪ್ಪುವುದಿಲ್ಲ. ಬೂದಿಯಿಂದ ಬಿಡುಗಡೆಗೆಂದು ಮಳೆಕಾಡು ಕಡಿಯಬೇಕೆ? ಬಯಲುಸೀಮೆಯ ಒಣಗುಡ್ಡಗಳ ಮೇಲೊಂದು, ಕೆಳಗೊಂದು ಕೊಳ ಕಟ್ಟುವ ಸಾಧ್ಯತೆಯನ್ನು ಮೊದಲು ನೋಡಲಿ.

ಇವೆಲ್ಲಕ್ಕಿಂತ ಬೇಗ ಆಗುವ ಕೆಲಸ ಕೃಷಿ ಪಂಪ್‌ಸೆಟ್‌ಗಳದ್ದು. ನೀರು ಹಾಯಿಸಲು ತ್ರೀಫೇಸ್ ರಾತ್ರಿ ಬಂದರೆ ರೈತ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತ ಬದುವಿನ ಮೇಲೆ ನಡೆಯುತ್ತಾನೆ. ಅದೇ ಕರೆಂಟನ್ನು ಹಗಲು ಕೊಟ್ಟರೆ ಸೌರ ವಿದ್ಯುತ್ತು ನೇರವಾಗಿ ಹೊಲಕ್ಕೆ ನೀರಾಗಿ ಹೋಗುತ್ತದೆ, ಕೂಡಿಡುವ ಖರ್ಚೇ ಇಲ್ಲ. ಹಗಲಿಗೆ ಬಂದ ಒಂದೊಂದು ಫೀಡರಿನಷ್ಟೂ, ಅಂದರೆ ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಒಂದೊಂದು ಲೈನಿನಷ್ಟೂ, ಕತ್ತಲಾದ ಮೇಲೆ ಬಾಯ್ಲರ್ ಹೊರಬೇಕಾದ ಲೋಡು ಇಳಿಯುತ್ತದೆ. ಹಳೆಯ ಘಟಕಗಳನ್ನು ಒಂದೊಂದಾಗಿ ನಿಲ್ಲಿಸುವುದು ಅಲ್ಲಿಂದ ಶುರುವಾಗಲಿ.